ಹುಬ್ಬು ಎತ್ತುವ ರೆಪ್ಪೆ

ಆರು ತಿಂಗಳ ಕೂಸಿನ ಹಣೆಯ ಮೇಲೆ ಅಡ್ಡಗೆರೆಗಳು! ಅರವತ್ತು ದಾಟಿದವರ ಹಣೆಯಲ್ಲಿ ಕಾಣುವ ಆ ಗೆರೆಗಳು ಇನ್ನೂ ಹಲ್ಲು ಮೂಡದ ಮಗುವಿಗೆ ಎಲ್ಲಿಂದ ಬಂದವು? ಸ್ವಲ್ಪ ಹತ್ತಿರ ಹೋಗಿ ನೋಡಿ. ಮಗುವಿನ ಒಂದು ಕಣ್ಣಿನ ಮೇಲ್ರೆಪ್ಪೆ ಜೋತುಬಿದ್ದಿದೆ. ಅರ್ಧ ಪಾಪೆ ಅದರ ಹಿಂದೆ ಮರೆಯಾಗಿದೆ. ಅಮ್ಮನ ಮುಖ ನೋಡುವ ಆಸೆಗೆ ಮಗು ಗಲ್ಲ ಮೇಲೆತ್ತುತ್ತದೆ, ತಲೆಯನ್ನು ಹಿಂದಕ್ಕೆ ವಾಲಿಸುತ್ತದೆ, ಆಮೇಲೆ ಹುಬ್ಬನ್ನು ಶಕ್ತಿಮೀರಿ ಮೇಲಕ್ಕೆಳೆಯುತ್ತದೆ. ಹುಬ್ಬಿನ ಜೊತೆ ರೆಪ್ಪೆಯೂ ಒಂದಿಷ್ಟು ಮೇಲೇಳುತ್ತದೆ. ಅಷ್ಟು ಸಾಕು. ಅಮ್ಮ ಕಾಣುತ್ತಾಳೆ!

ಇದನ್ನು ಆ ಮಗುವಿಗೆ ಯಾರೂ ಹೇಳಿಕೊಟ್ಟಿಲ್ಲ. ರೆಪ್ಪೆ ಎತ್ತಬೇಕಾದ ಸ್ನಾಯು ಕೈಕೊಟ್ಟಿದೆ ಎಂದು ಅರಿಯುವ ವಯಸ್ಸೂ ಅದರದ್ದಲ್ಲ. ಆದರೂ ತಡಕಾಡಿ ತಡಕಾಡಿ, ಪಕ್ಕದಲ್ಲೇ ಇದ್ದ ಹಣೆಯ ಸ್ನಾಯುವನ್ನು ಅದು ಕೆಲಸಕ್ಕೆ ಹಚ್ಚಿದೆ. ಇನ್ನು ಬೆರಗಾಗುವ ಸರದಿ ನಮ್ಮದು. ತೀರಾ ಜೋತುಬಿದ್ದ ರೆಪ್ಪೆಯನ್ನು ಸರಿಪಡಿಸಲು ಇವತ್ತು ಲೋಕದ ದೊಡ್ಡ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಮಾಡುವ ಆಪರೇಷನ್ ಇದೆಯಲ್ಲ, ಅದರ ಗುಟ್ಟೂ ಇದೇ: ರೆಪ್ಪೆಯನ್ನು ಹಣೆಗೆ ಜೋಡಿಸಿಬಿಡುವುದು! ಆಧುನಿಕ ಶಸ್ತ್ರವೈದ್ಯರು ಈ ಉಪಾಯಕ್ಕೆ ಬಂದು ತಲುಪಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಕೂಸುಗಳು ಅದನ್ನು ತೊಟ್ಟಿಲಲ್ಲಿ ಮಲಗಿಕೊಂಡೇ ಕಂಡುಕೊಳ್ಳುತ್ತಿವೆ, ಎಷ್ಟು ಸಾವಿರ ವರ್ಷಗಳಿಂದಲೋ!

ಮಗು ಶುರುಮಾಡಿದ್ದನ್ನು ಶಸ್ತ್ರವೈದ್ಯ ಮುಗಿಸಿಕೊಡುತ್ತಾನೆ. ಈ ವಿಷಯವನ್ನು ಓದುತ್ತಾ ಹೋದಂತೆಲ್ಲ ನನ್ನನ್ನು ಹಿಡಿದು ನಿಲ್ಲಿಸಿದ ಸತ್ಯ ಇದೊಂದು. ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಮೇಲೆ ಕೆಳಗೆ ಓಡಾಡುವ ರೆಪ್ಪೆಯ ಹಿಂದೆ ಇಷ್ಟೊಂದು ಕಥೆ ಇದೆಯೆಂದು ಯಾರು ಊಹಿಸಿದ್ದರು?

ಹಿಂದಕ್ಕೆ ಎಳೆದರೆ ಮೇಲಕ್ಕೇಳುತ್ತದೆ!

ಮೊದಲು ಸರಿಯಾಗಿರುವ ರೆಪ್ಪೆಯನ್ನೇ ನೋಡೋಣ. ಕಣ್ಣುಗೂಡಿನ ತೀರಾ ಹಿಂಭಾಗದಲ್ಲಿ, ಮೂಳೆಯ ಮೊನೆಯ ಹತ್ತಿರ, ಲಿವೇಟರ್ ಎಂಬ ಸ್ನಾಯು ಹುಟ್ಟುತ್ತದೆ. ಕಣ್ಣುಗುಡ್ಡೆಯ ಮೇಲೆ ಹಾಸಿಕೊಂಡು ಸುಮಾರು 40 ಮಿಲಿಮೀಟರ್ ಮುಂದಕ್ಕೆ ಬರುತ್ತದೆ. ಮುಂದೆ ಬಂದಂತೆ ಅಗಲವಾಗಿ, ಬಿಳಿ ನಾರಿನ ಪೊರೆಯಾಗಿ ಮಾರ್ಪಟ್ಟು, ಕೆಳಗಿಳಿದು, ರೆಪ್ಪೆಯೊಳಗೆ ಅಡಗಿರುವ ಟಾರ್ಸಸ್ ಎಂಬ ಗಟ್ಟಿ ತಟ್ಟೆಗೆ ಅಂಟಿಕೊಳ್ಳುತ್ತದೆ. ಈಗ ಯೋಚಿಸಿ: ಸ್ನಾಯು ಎಳೆಯುವುದು ಹಿಂದಕ್ಕೆ, ತಲೆಯ ಒಳಕ್ಕೆ. ರೆಪ್ಪೆ ಏಳಬೇಕಾದ್ದು ಮೇಲಕ್ಕೆ. ದಿಕ್ಕು ಬದಲಾಗುವುದು ಹೇಗೆ?

ಅಲ್ಲಿ ಒಂದು ರಾಟೆ ಇದೆ! ಬಾವಿಯ ಮುಂದೆ ನಿಂತು ಹಗ್ಗವನ್ನು ಕೆಳಕ್ಕೆ ಜಗ್ಗಿದರೆ ಕೊಡ ಮೇಲಕ್ಕೆ ಬರುತ್ತದಲ್ಲ, ಹಾಗೆಯೇ. ಕಣ್ಣುಗೂಡಿನ ಮೇಲ್ಭಾಗದಲ್ಲಿ ಈ ಬದಿಯಿಂದ ಆ ಬದಿಗೆ ಅಡ್ಡವಾಗಿ ಹಾದಿರುವ ಬಿಳಿಯ ನಾರುಪಟ್ಟಿಯೊಂದು ಲಿವೇಟರನ್ನು ಹಿಡಿದು, ಅದರ ಎಳೆತವನ್ನು ತಿರುಗಿಸಿ, ರೆಪ್ಪೆಯನ್ನು ಮೇಲಕ್ಕೆ ಕಳಿಸುತ್ತದೆ. ಇದನ್ನು ವಿವರಿಸಿದ ಅಂಗರಚನಾ ವಿಜ್ಞಾನಿ ಎಸ್. ಇ. ವಿಟ್ನಾಲ್ ಅವರ ಹೆಸರೇ ಅದಕ್ಕೆ ನಿಂತಿದೆ: ವಿಟ್ನಾಲ್ ಲಿಗಮೆಂಟ್. ನೀವು ಈ ಸಾಲು ಓದುವಷ್ಟರಲ್ಲಿ ನಿಮ್ಮ ಎರಡೂ ಕಣ್ಣುಗಳಲ್ಲಿ ಅದು ಒಂದು ಸಲವಾದರೂ ಕೆಲಸ ಮಾಡಿ ಮುಗಿಸಿರುತ್ತದೆ.

ಇನ್ನೊಂದು ಸೋಜಿಗ. ಎರಡು ಕಣ್ಣು, ಎರಡು ರೆಪ್ಪೆ, ಎರಡು ಲಿವೇಟರ್. ಆದರೆ ಮಧ್ಯಮೆದುಳಿನಲ್ಲಿ ಅವೆರಡಕ್ಕೂ ಅಪ್ಪಣೆ ಕೊಡುವ ನರಕೋಶಗಳ ಗುಂಪು ಒಂದೇ! ಎಡಕ್ಕೆ ಎಷ್ಟು ಅಪ್ಪಣೆಯೋ ಬಲಕ್ಕೂ ಅಷ್ಟೇ. ಹಾಗಾಗಿ ಒಂದು ರೆಪ್ಪೆ ಬಿದ್ದರೆ ಮೆದುಳು ಎರಡಕ್ಕೂ ಒಟ್ಟಿಗೆ ಜೋರು ಮಾಡುತ್ತದೆ. ಚೆನ್ನಾಗಿರುವ ರೆಪ್ಪೆ ಆ ಜೋರಿಗೆ ಅಗತ್ಯಕ್ಕಿಂತ ಮೇಲೆ ಹೋಗಿ ನಿಲ್ಲುವುದೂ ಉಂಟು. ಅನುಭವಿ ವೈದ್ಯರು ಇಳಿದ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ಹಿಡಿದು, ನೋಡುವುದು ಮಾತ್ರ ಇನ್ನೊಂದು ಕಣ್ಣನ್ನು. ಈ ಕಡೆ ಎತ್ತಿದೊಡನೆ ಆ ಕಡೆಯದು ಇಳಿಯಿತೇ? ಇಳಿದರೆ ಆಪರೇಷನ್ನಿನ ಲೆಕ್ಕವೇ ಬೇರೆ!

ಹುಟ್ಟಿನಿಂದಲೇ ರೆಪ್ಪೆ ಜೋತುಬಿದ್ದ ಮಗುವಿನಲ್ಲಿ ಏನಾಗಿರುತ್ತದೆ? ವೈದ್ಯರು ಇದನ್ನು ಕಂಜೆನಿಟಲ್ ಟೋಸಿಸ್ ಎನ್ನುತ್ತಾರೆ. ಗರ್ಭದಲ್ಲಿ ಸುಮಾರು ಹತ್ತನೇ ವಾರದ ಹೊತ್ತಿಗೆ ಮೇಲಿನ ಕೆಳಗಿನ ರೆಪ್ಪೆಗಳು ಒಂದಕ್ಕೊಂದು ಅಂಟಿ ಮುಚ್ಚಿಕೊಳ್ಳುತ್ತವೆ, ಮತ್ತೆ ಬಿಡಿಸಿಕೊಳ್ಳುವುದು ಸುಮಾರು 26ನೇ ವಾರದ ಆಸುಪಾಸಿನಲ್ಲಿ. ಈ ಮುಚ್ಚಿದ ರೆಪ್ಪೆಗಳ ಹಿಂದೆ ಲಿವೇಟರ್ ಬೆಳೆಯಬೇಕು. ಕೆಲವು ಮಕ್ಕಳಲ್ಲಿ ಅದು ಪೂರ್ತಿ ಬೆಳೆಯುವುದಿಲ್ಲ. ಸ್ನಾಯುವಿನ ಎಳೆಗಳು ಇರಬೇಕಾದ ಜಾಗದಲ್ಲಿ ನಾರು ಮತ್ತು ಕೊಬ್ಬು ತುಂಬಿಕೊಂಡಿರುತ್ತವೆ. ನಾರಿಗೆ ಸಂಕುಚಿಸಲು ಬಾರದು, ಆದ್ದರಿಂದ ರೆಪ್ಪೆ ಏಳದು. ಆದರೆ ನಾರಿಗೆ ಸಡಿಲವಾಗಲೂ ಬಾರದಲ್ಲ! ಮಗುವಿಗೆ ನೆಲದ ಮೇಲಿನ ಆಟಿಕೆ ತೋರಿಸಿ ನೋಡಿ. ನೇರ ನೋಡುವಾಗ ಕೆಳಗಿದ್ದ ಅದೇ ರೆಪ್ಪೆ, ಕೆಳಗೆ ನೋಡುವಾಗ ಇನ್ನೊಂದು ರೆಪ್ಪೆಗಿಂತ ಮೇಲಿರುತ್ತದೆ! ಚೆನ್ನಾಗಿರುವ ರೆಪ್ಪೆ ಕಣ್ಣಿನ ಜೊತೆ ಇಳಿಯಿತು, ಇದು ಇಳಿಯಲಾರದೆ ಅಲ್ಲೇ ನಿಂತಿತು. ಹುಟ್ಟಿನಿಂದ ಬಂದದ್ದೋ ಆಮೇಲೆ ಬಂದದ್ದೋ ಎಂದು ವೈದ್ಯರು ಯಂತ್ರವಿಲ್ಲದೆ ಅಂದಾಜಿಸುವುದಕ್ಕೆ ಈ ಒಂದು ಕೆಳನೋಟವೇ ದೊಡ್ಡ ಸುಳಿವು.

ಮೆದುಳು ಹಾಕಿದ ಗಡುವು

"ರೆಪ್ಪೆ ತಾನೇ, ದೊಡ್ಡವನಾದ ಹಾಗೆ ಸರಿಹೋಗುತ್ತೆ ಬಿಡು" ಎಂದು ಮನೆಯ ಹಿರಿಯರು ಹೇಳುವುದುಂಟು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ನಾರಾಗಿ ಹುಟ್ಟಿದ್ದು ದೊಡ್ಡವನಾದ ಮಾತ್ರಕ್ಕೆ ಸ್ನಾಯುವಾಗುವುದಿಲ್ಲ. ಅದಕ್ಕಿಂತ ದೊಡ್ಡ ಸಂಗತಿ ನಡೆಯುವುದು ರೆಪ್ಪೆಯಲ್ಲಿ ಅಲ್ಲವೇ ಅಲ್ಲ, ತಲೆಯ ಹಿಂಭಾಗದಲ್ಲಿ, ಮೆದುಳಿನಲ್ಲಿ. ಅದು ಜಗತ್ತಿಗೆ ಗೊತ್ತಾದ ಬಗೆ ಮೈನವಿರೇಳಿಸುವಂಥದ್ದು.

1960ರ ದಶಕದ ಆರಂಭ. ಅಮೆರಿಕದ ಬಾಸ್ಟನ್ ನಗರದ ಹಾರ್ವರ್ಡ್ ವೈದ್ಯಕೀಯ ಕಾಲೇಜಿನಲ್ಲಿ ಕೆನಡಾ ಮೂಲದ ಡೇವಿಡ್ ಹ್ಯೂಬೆಲ್, ಸ್ವೀಡನ್ನಿನ ಟಾರ್ಸ್ಟನ್ ವೀಸೆಲ್ ಎಂಬಿಬ್ಬರು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು ಮುಚ್ಚಿದರು. ಕೆಲವು ವಾರ ಬಿಟ್ಟು ಹೊಲಿಗೆ ಬಿಚ್ಚಿದರು. ಕಣ್ಣು ಚೆನ್ನಾಗಿಯೇ ಇತ್ತು. ಬೆಳಕು ಒಳಗೆ ಹೋಗುತ್ತಿತ್ತು, ರೆಟಿನಾ ಕೆಲಸ ಮಾಡುತ್ತಿತ್ತು. ಆದರೆ ಮೆದುಳಿನ ದೃಷ್ಟಿಭಾಗದ ಕೋಶಗಳು ಆ ಕಣ್ಣಿನ ಮಾತಿಗೆ ಓಗೊಡುವುದನ್ನೇ ಬಿಟ್ಟಿದ್ದವು! ಇನ್ನೊಂದು ಕಣ್ಣು ಆ ಜಾಗವನ್ನೆಲ್ಲ ಆಕ್ರಮಿಸಿಕೊಂಡಿತ್ತು. ಅದೇ ಪ್ರಯೋಗವನ್ನು ಬೆಳೆದ ಬೆಕ್ಕಿನಲ್ಲಿ ಮಾಡಿದರೆ, ತಿಂಗಳುಗಟ್ಟಲೆ ಕಣ್ಣು ಮುಚ್ಚಿಟ್ಟರೂ ಮೆದುಳು ಜಗ್ಗಲಿಲ್ಲ. ಅಂದರೆ ನೋಡಲು ಕಲಿಯುವುದಕ್ಕೆ ಒಂದು ಕಾಲವಿದೆ. ಬೆಕ್ಕಿನ ಮರಿಗೆ ಅದು ಹುಟ್ಟಿದ ಮೊದಲ ಮೂರು ತಿಂಗಳು. ಅದರಲ್ಲೂ ನಾಲ್ಕರಿಂದ ಎಂಟನೇ ವಾರದ ನಡುವೆ ಕೆಲವೇ ದಿನ ಕಣ್ಣು ಮುಚ್ಚಿದ್ದರೂ ಪೆಟ್ಟು ಜೋರು. 1981ರಲ್ಲಿ ಇವರಿಬ್ಬರಿಗೂ ನೊಬೆಲ್ ಬಂತು.

ಮನುಷ್ಯರ ಮಕ್ಕಳಲ್ಲಿ ಈ ಕಾಲ ಉದ್ದ. ಮೊದಲ ತಿಂಗಳುಗಳು ಅತ್ಯಂತ ನಾಜೂಕು, ಆಮೇಲೂ ಸುಮಾರು ಏಳೆಂಟು ವರ್ಷದವರೆಗೆ ಮೆದುಳು ಕಣ್ಣಿನಿಂದ ಕಲಿಯುತ್ತಲೇ ಇರುತ್ತದೆ. ಆ ವಿಜ್ಞಾನಿಗಳು ಹೊಲಿಗೆ ಹಾಕಿ ಮಾಡಿದ್ದನ್ನು ಪೂರ್ತಿ ಇಳಿದ ರೆಪ್ಪೆ ಹೊಲಿಗೆಯಿಲ್ಲದೆ ಮಾಡಿಬಿಡುತ್ತದೆ! ಪಾಪೆ ಮುಚ್ಚಿಹೋದರೆ ಆ ಕಣ್ಣಿನ ಪಾಠ ಮೆದುಳಿಗೆ ತಲುಪುವುದೇ ಇಲ್ಲ. ಹೀಗೆ ಹಿಂದೆ ಬಿದ್ದ ಕಣ್ಣಿಗೆ ಸೋಮಾರಿ ಕಣ್ಣು ಎನ್ನುತ್ತಾರೆ, ವೈದ್ಯರ ಮಾತಿನಲ್ಲಿ ಆಂಬ್ಲಿಯೋಪಿಯಾ.

ಪಾಪೆ ತೆರೆದಿದ್ದರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಇಳಿದ ರೆಪ್ಪೆಯಿರುವ ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾ, ಅನೇಕ ವೇಳೆ ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದು ದಿಕ್ಕಿನಲ್ಲಿ ಕಡಿಮೆ ಬಾಗಿರುತ್ತದೆ. ಕನ್ನಡಕದ ಅಂಗಡಿಯಲ್ಲಿ ಸಿಲಿಂಡರ್ ಪವರ್ ಎನ್ನುತ್ತಾರಲ್ಲ, ಅದು. ಚಿತ್ರ ಮಸುಕಾದರೆ ಮೆದುಳು ಆ ಕಣ್ಣನ್ನು ನಂಬುವುದನ್ನು ನಿಲ್ಲಿಸುತ್ತದೆ. ರೆಪ್ಪೆ ಇಳಿದ ಮಗುವಿಗೆ ಕನ್ನಡಕದ ಪರೀಕ್ಷೆ, ಮೆಳ್ಳೆಗಣ್ಣಿನ ಪರೀಕ್ಷೆ ಎರಡೂ ಆಗಲೇಬೇಕು ಎನ್ನುವುದು ಇದಕ್ಕೇ.

ಈಗ ಹಣೆಯ ಆ ಗೆರೆಗಳ ಅರ್ಥ ಎಷ್ಟು ದೊಡ್ಡದಾಗುತ್ತದೆ ನೋಡಿ! ಮಗು ಹುಬ್ಬೆತ್ತುತ್ತಿದೆ, ಗಲ್ಲ ಎತ್ತುತ್ತಿದೆ ಎಂದರೆ ಅದು ಆ ಕಣ್ಣಿನಿಂದ ನೋಡಲು ಹೋರಾಡುತ್ತಿದೆ. ಅದು ಒಳ್ಳೆಯ ಲಕ್ಷಣ. ರೆಪ್ಪೆ ತೀರಾ ಇಳಿದಿದ್ದರೂ ಆ ಕಡೆಯ ಹುಬ್ಬು ಅಲುಗದೆ ಸುಮ್ಮನಿದ್ದರೆ ವೈದ್ಯರಿಗೆ ಹೆಚ್ಚು ಚಿಂತೆ. ಆ ಕಣ್ಣನ್ನು ಮಗು ಆಗಲೇ ಕೈಬಿಟ್ಟಿರಬಹುದು.

ಹಾಲು ಕುಡಿಯುವಾಗ ತೆರೆದುಕೊಳ್ಳುವ ಕಣ್ಣು

ಟೋಸಿಸ್ ಲೋಕದಲ್ಲಿ ಇನ್ನೂ ಒಂದು ಅಚ್ಚರಿ ಇದೆ. ಅದನ್ನು ಸಾಮಾನ್ಯವಾಗಿ ಮೊದಲು ಕಾಣುವವಳು ತಾಯಿ. ಮಗು ಹಾಲು ಕುಡಿಯುತ್ತಿದೆ. ಒಂದು ರೆಪ್ಪೆ ಇಳಿದಿದೆ. ಮಗು ಚೀಪಿದಾಗಲೆಲ್ಲ ಆ ಇಳಿದ ರೆಪ್ಪೆ ಟಪಕ್ಕನೆ ಮೇಲಕ್ಕೆ ಹಾರುತ್ತದೆ! ಚೀಪುವುದು ನಿಂತರೆ ರೆಪ್ಪೆ ಮತ್ತೆ ಕೆಳಗೆ. ಚೀಪಿದರೆ ಮೇಲೆ. ತಾಯಿ ಹೆದರುತ್ತಾಳೆ, ಯಾರಿಗೆ ಹೇಳುವುದೋ ತಿಳಿಯುವುದಿಲ್ಲ.

1883ರಲ್ಲಿ ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಯ ಕಣ್ಣುವೈದ್ಯ, ಸ್ಕಾಟ್ಲೆಂಡಿನವರಾದ ರಾಬರ್ಟ್ ಮಾರ್ಕಸ್ ಗನ್, ಹದಿನೈದರ ಹುಡುಗಿಯೊಬ್ಬಳಲ್ಲಿ ಇದನ್ನು ಕಂಡು ವಿವರಿಸಿದರು. ದವಡೆ ಆಡಿಸಿದಂತೆ ರೆಪ್ಪೆ ಆಡುತ್ತಿತ್ತು. ಕಾರಣ? ದವಡೆಯನ್ನು ಪಕ್ಕಕ್ಕೆ, ಮುಂದಕ್ಕೆ ಸರಿಸುವ ಸ್ನಾಯುವಿಗೆ ಹೋಗಬೇಕಾದ ನರದ ಎಳೆಗಳು ಮಗು ರೂಪುಗೊಳ್ಳುವಾಗ ದಾರಿ ತಪ್ಪಿ ರೆಪ್ಪೆಯ ಲಿವೇಟರಿಗೂ ಹೋಗಿ ಸೇರಿವೆ! ದವಡೆಗೆ ಬಂದ ಅಪ್ಪಣೆಯನ್ನು ರೆಪ್ಪೆ ತನಗೇ ಬಂದದ್ದೆಂದು ಪಾಲಿಸುತ್ತದೆ. ಹುಟ್ಟು ಟೋಸಿಸ್ ಇರುವ ಮಕ್ಕಳಲ್ಲಿ ನೂರಕ್ಕೆ ಸುಮಾರು ಐವರಲ್ಲಿ ಇದು ಕಾಣುತ್ತದೆ. ತೀರಾ ಎದ್ದು ಕಾಣುವಂತಿದ್ದರೆ ಶಸ್ತ್ರವೈದ್ಯರು ಆ ಲಿವೇಟರಿನ ಹಿಡಿತವನ್ನು ಪೂರ್ತಿ ಬಿಡಿಸಿ, ರೆಪ್ಪೆಯನ್ನು ಹುಬ್ಬಿಗೆ ಕಟ್ಟುತ್ತಾರೆ. ದವಡೆಯ ಮಾತು ಕೇಳುತ್ತಿದ್ದ ರೆಪ್ಪೆ ಅಂದಿನಿಂದ ಹಣೆಯ ಮಾತು ಕೇಳುತ್ತದೆ!

ಕೆಲವು ಮನೆತನಗಳಲ್ಲಿ ಇನ್ನೊಂದು ಬಗೆಯ ಟೋಸಿಸ್ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಎರಡೂ ರೆಪ್ಪೆ ಇಳಿದು, ಕಣ್ಣಿನ ಸೀಳು ಕಿರಿದಾಗಿ, ಕಣ್ಣುಗಳ ಒಳಮೂಲೆಗಳು ದೂರವಾಗಿ, ಕೆಳರೆಪ್ಪೆಯಿಂದ ಒಳಮೂಲೆಗೆ ಚರ್ಮದ ಮಡಿಕೆ ಎದ್ದಿರುತ್ತದೆ. ಬ್ಲೆಫರೋಫಿಮೋಸಿಸ್ ಎಂಬ ಈ ತೊಂದರೆಯ ಹಿಂದಿನ ಜೀನ್ ಫಾಕ್ಸ್‌ಎಲ್2 ಎಂದು 2001ರಲ್ಲಿ ಪತ್ತೆಯಾಯಿತು. ಅದೇ ವರ್ಷ ಇನ್ನೊಂದು ಸುದ್ದಿ: ಹುಟ್ಟಿನಿಂದಲೇ ಕೊಂಬಿಲ್ಲದ ಮೇಕೆಗಳ ಗುಟ್ಟನ್ನು ಹುಡುಕುತ್ತಿದ್ದ ವಿಜ್ಞಾನಿಗಳು ಬಂದು ನಿಂತದ್ದೂ ಇದೇ ಜೀನಿನ ಅಂಗಳದಲ್ಲಿ! ಮಗುವಿನ ರೆಪ್ಪೆ ಎಲ್ಲಿ, ಮೇಕೆಯ ಕೊಂಬು ಎಲ್ಲಿ! ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೆ ಹೀಗಾಯಿತು, ದೃಷ್ಟಿ ತಾಗಿ ಹೀಗಾಯಿತು ಎಂದು ತಾಯಿಯನ್ನು ನೋಯಿಸುವವರಿಗೆ ಇದನ್ನು ಗಟ್ಟಿಯಾಗಿ ಹೇಳಬೇಕು. ಸ್ನಾಯು ರೂಪುಗೊಳ್ಳುವಾಗ ಆದದ್ದು ಇದು. ತಾಯಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಒಂದು ಸ್ಕೇಲು, ಒಂದು ಗೊಂಬೆ, ಒಂದು ಹೆಬ್ಬೆರಳು

ಇಷ್ಟೆಲ್ಲ ಗಹನವಾದ ಸಂಗತಿಯನ್ನು ಅಳೆಯುವ ಉಪಕರಣ ಯಾವುದು ಗೊತ್ತೇ? ಮಿಲಿಮೀಟರ್ ಗುರುತಿರುವ ಪ್ಲಾಸ್ಟಿಕ್ ಸ್ಕೇಲು!

ನಾಲ್ಕು ವರ್ಷದ ಪುಟ್ಟಿ ಅಪ್ಪನ ತೊಡೆಯ ಮೇಲೆ ಕೂತಿದ್ದಾಳೆ ಎಂದುಕೊಳ್ಳಿ. ವೈದ್ಯೆ ಮೊದಲು ಹೆಬ್ಬೆರಳಿನಿಂದ ಅವಳ ಹುಬ್ಬನ್ನು ಮೂಳೆಗೆ ಅದುಮಿ ಹಿಡಿಯುತ್ತಾರೆ. ಯಾಕೆಂದರೆ ಪುಟ್ಟಿ ಜಾಣೆ, ಬಿಟ್ಟರೆ ಹಣೆಯಿಂದ ರೆಪ್ಪೆ ಎತ್ತಿಬಿಡುತ್ತಾಳೆ. "ಪುಟ್ಟಿ, ಗೊಂಬೆ ಎಲ್ಲಿದೆ ನೋಡು" ಎಂದು ಗೊಂಬೆಯನ್ನು ಕೆಳಗೆ ಹಿಡಿಯುತ್ತಾರೆ. ರೆಪ್ಪೆಯ ಅಂಚಿಗೆ ಸ್ಕೇಲಿನ ಸೊನ್ನೆ. "ಈಗ ಹಾರಿತು ನೋಡು, ಮೇಲೆ!" ಗೊಂಬೆ ಮೇಲೇರುತ್ತದೆ, ಪುಟ್ಟಿಯ ಕಣ್ಣು ಮೇಲೇರುತ್ತದೆ, ರೆಪ್ಪೆ ಎಷ್ಟು ಓಡಿತು? ಆರೋಗ್ಯವಂತ ರೆಪ್ಪೆಯಾದರೆ 12 ಮಿಲಿಮೀಟರಿಗೂ ಮೇಲೆ. ಪುಟ್ಟಿಯದು 3 ಮಿಲಿಮೀಟರ್. ಅಷ್ಟೇ! ಈ ಒಂದೇ ಅಂಕಿಯ ಮೇಲೆ ಮುಂದಿನ ದಾರಿ ನಿಂತಿದೆ. 4 ಅಥವಾ ಅದಕ್ಕಿಂತ ಕಡಿಮೆಯಾದರೆ ಲಿವೇಟರನ್ನು ನಂಬುವಂತಿಲ್ಲ. 5ರಿಂದ 7 ಸಾಧಾರಣ, 8 ದಾಟಿದರೆ ಚೆನ್ನಾಗಿದೆ ಎಂದು ಲೆಕ್ಕ.

ಗೊಂಬೆಯ ಆಟ ಅರ್ಥವಾಗದ ಹಸುಗೂಸಿಗೆ? ಅದಕ್ಕೂ ಉಪಾಯಗಳಿವೆ. ಮೇಲ್ರೆಪ್ಪೆಯಲ್ಲಿ ಮಡಿಕೆಯ ಗೆರೆ ಇದೆಯೇ ನೋಡುತ್ತಾರೆ. ಆ ಗೆರೆ ಮೂಡುವುದೇ ಲಿವೇಟರಿನ ಎಳೆತದಿಂದ. ಗೆರೆಯೇ ಇಲ್ಲದಿದ್ದರೆ ಎಳೆತವೂ ಇಲ್ಲವೆಂದೇ ಅನುಮಾನ. ಇನ್ನೊಂದು, ರೆಪ್ಪೆಯನ್ನು ಮೆಲ್ಲಗೆ ಹೊರಕ್ಕೆ ಮಗುಚಿ ಬಿಡುತ್ತಾರೆ. ಕೂಸು ಮೇಲೆ ನೋಡಿದಾಗ ರೆಪ್ಪೆ ತಾನೇ ಪಟಕ್ಕನೆ ಸರಿಯಾಗಿ ಮಗುಚಿಕೊಂಡರೆ ಲಿವೇಟರಿಗೆ ಬಲವಿದೆ ಎಂದರ್ಥ!

ಇದೇ ಹೊತ್ತಿನಲ್ಲಿ ಬೇರೆ ಅನುಮಾನಗಳನ್ನೂ ಪರಿಹರಿಸಿಕೊಳ್ಳಬೇಕು. ಬೆಳಿಗ್ಗೆ ಸರಿಯಿದ್ದು ಸಂಜೆಗೆ ರೆಪ್ಪೆ ಇಳಿಯುತ್ತದೆಯೇ? ಅದು ಸ್ನಾಯುಗಳು ಬೇಗ ದಣಿಯುವ ಮಯಸ್ತೇನಿಯಾ ಎಂಬ ಕಾಯಿಲೆ ಇರಬಹುದು. ಇಳಿದ ಕಡೆಯ ಪಾಪೆ ಚಿಕ್ಕದಾಗಿದೆಯೇ, ದೊಡ್ಡದಾಗಿದೆಯೇ? ಅಲ್ಲಿ ನರದ ತೊಂದರೆಯ ಸುಳಿವು ಇರುತ್ತದೆ. ನೆಟ್ಟಗಿದ್ದ ರೆಪ್ಪೆ ಇದ್ದಕ್ಕಿದ್ದಂತೆ ಬಿದ್ದರಂತೂ ಒಂದು ದಿನವೂ ತಡಮಾಡದೆ ವೈದ್ಯರ ಹತ್ತಿರ ಓಡಬೇಕು.

ತೊಡೆಯಿಂದ ರೆಪ್ಪೆಗೆ

ಲಿವೇಟರಿನಲ್ಲಿ ಒಂದಿಷ್ಟು ಜೀವವಿದ್ದರೆ ಅದನ್ನೇ ಮೊಟಕು ಮಾಡಿ ಬಿಗಿಯುತ್ತಾರೆ. ಅಳತೆಯನ್ನು ನೋಡಿಕೊಂಡು ಸುಮಾರು 10ರಿಂದ 20 ಮಿಲಿಮೀಟರಿಗೂ ಮೇಲ್ಪಟ್ಟು ಕತ್ತರಿಸಿ, ಉಳಿದದ್ದನ್ನು ಟಾರ್ಸಸ್ಸಿಗೆ ಹೊಲಿಯುತ್ತಾರೆ. ದೊಡ್ಡವರಿಗಾದರೆ ಜಾಗ ಮಾತ್ರ ಮರಗಟ್ಟಿಸಿ, ನಡುವೆ ಎಬ್ಬಿಸಿ ಕೂರಿಸಿ, "ಕಣ್ಣು ಬಿಡಿ ನೋಡೋಣ" ಎಂದು ಎತ್ತರವನ್ನು ಸರಿಮಾಡಿಕೊಳ್ಳಬಹುದು. ಮಕ್ಕಳು ಪೂರ್ತಿ ಅರಿವಳಿಕೆಯಲ್ಲಿ ಮಲಗಿರುತ್ತಾರೆ, ಕೇಳುವುದು ಯಾರನ್ನು? ಇಲ್ಲಿ ಶಸ್ತ್ರವೈದ್ಯರ ಲೆಕ್ಕಾಚಾರ ಕಂಡು ನಾನು ದಂಗಾದೆ. ಬಲವಿರುವ ಸ್ನಾಯುವಿನ ರೆಪ್ಪೆ ಗುಣವಾಗುತ್ತಾ ಮೇಲೇರುತ್ತದೆ, ಬಲವಿಲ್ಲದ್ದು ಇಳಿಯುತ್ತದೆ. ಹಾಗಾಗಿ ಬಲವಿದ್ದರೆ ಬೇಕಾದ್ದಕ್ಕಿಂತ ಕೆಳಗೆ, ಬಲವಿಲ್ಲದಿದ್ದರೆ ಮೇಲೆ ನಿಲ್ಲಿಸುತ್ತಾರೆ. ಈಗ ಎಲ್ಲಿ ಚೆಂದ ಎಂದು ನೋಡುವುದಿಲ್ಲ, ತಿಂಗಳುಗಳ ನಂತರ ಎಲ್ಲಿ ಬಂದು ನಿಲ್ಲುತ್ತದೆ ಎಂದು ನೋಡಿ ಹೊಲಿಯುತ್ತಾರೆ!

ಆದರೆ ಪುಟ್ಟಿಯ 3 ಮಿಲಿಮೀಟರಿನ ರೆಪ್ಪೆಗೆ ಈ ದಾರಿ ಸಾಲದು. ಅವಳಿಗೆ ಬೇಕಾದ್ದು ಸ್ಲಿಂಗ್, ಅಂದರೆ ರೆಪ್ಪೆಯನ್ನು ಹಣೆಯ ಫ್ರಾಂಟಾಲಿಸ್ ಸ್ನಾಯುವಿಗೆ ತೂಗುಹಾಕುವುದು. 1880ರಲ್ಲಿ ಡ್ರಾನ್ಸಾರ್ ಎಂಬ ವೈದ್ಯರು ಬರೀ ಹೊಲಿಗೆಯ ದಾರದಿಂದ ಇದನ್ನು ಮಾಡಿ ತೋರಿಸಿದರು. 1909ರಲ್ಲಿ ಎರ್ವಿನ್ ಪೇಯರ್ ಎಂಬ ಶಸ್ತ್ರವೈದ್ಯರಿಗೆ ಅದ್ಭುತವಾದ ಯೋಚನೆ ಹೊಳೆಯಿತು: ಹೊರಗಿನ ದಾರ ಯಾಕೆ, ರೋಗಿಯ ಮೈಯಲ್ಲೇ ದಾರವಿದೆಯಲ್ಲ! ತೊಡೆಯ ಹೊರಮಗ್ಗುಲಲ್ಲಿ, ಚರ್ಮದ ಕೆಳಗೆ, ಸ್ನಾಯುಗಳನ್ನು ಸುತ್ತಿ ಹಿಡಿದಿರುವ ಬಿಳಿಯ ಗಟ್ಟಿ ಪೊರೆಯೊಂದಿದೆ. ಹೆಸರು ಫ್ಯಾಸಿಯಾ ಲಾಟಾ. ನಾವು ನಿಲ್ಲುವಾಗ, ನಡೆಯುವಾಗ ಬಿಗಿ ಕೊಡುವ ಆ ಪೊರೆಯಿಂದ ಒಂದು ಪಟ್ಟಿ ತೆಗೆದು ಕಣ್ಣಿಗೆ! 1956ರಲ್ಲಿ ಕೆನಡಾದ ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯ ಜಾನ್ ಕ್ರಾಫರ್ಡ್ ಇದನ್ನು ಮಕ್ಕಳಿಗೆ ಹೊಂದುವಂತೆ ರೂಪಿಸಿದ ವಿಧಾನವನ್ನು ಪ್ರಕಟಿಸಿದರು. ಇವತ್ತಿಗೂ ಅದು ಅವರ ಹೆಸರಿನಲ್ಲೇ ನಡೆಯುತ್ತಿದೆ.

ಥಿಯೇಟರಿನೊಳಗೆ ಒಮ್ಮೆ ಇಣುಕೋಣ. ಪುಟ್ಟಿಯ ಮೊಣಕಾಲಿನ ಮೇಲೆ, ಹೊರಮಗ್ಗುಲಲ್ಲಿ, ಒಂದು ಸಣ್ಣ ಗಾಯ. ಅದರೊಳಗಿಂದ ಸ್ಟ್ರಿಪ್ಪರ್ ಎಂಬ ಉದ್ದನೆಯ ಉಪಕರಣ ಚರ್ಮದಡಿಯಲ್ಲೇ ಸೊಂಟದ ಕಡೆಗೆ ಸಾಗಿ, ಪೊರೆಯ ಪಟ್ಟಿಯನ್ನು ಕತ್ತರಿಸಿಕೊಂಡು ಹೊರಬರುತ್ತದೆ. ಬಿಳಿ, ಹೊಳಪು, ಎಳೆದರೆ ಹಿಗ್ಗದ ಪಟ್ಟಿ. ಅದನ್ನು ಎರಡು ಮೂರು ಮಿಲಿಮೀಟರ್ ಅಗಲದ ಎಳೆಗಳಾಗಿ ಸೀಳುತ್ತಾರೆ. ಇತ್ತ ರೆಪ್ಪೆಯಲ್ಲಿ, ರೆಪ್ಪೆಗೂದಲಿನ ಸಾಲಿನಿಂದ ಎರಡು ಮೂರು ಮಿಲಿಮೀಟರ್ ಮೇಲೆ, ಮೂರು ಪುಟ್ಟ ಕಚ್ಚುಗಳು. ಹುಬ್ಬಿನಲ್ಲಿ ಎರಡು, ಹುಬ್ಬಿನ ಮೇಲೆ ನಡುವೆ ಒಂದು. ಕಣ್ಣುಗುಡ್ಡೆಗೆ ಏನೂ ತಾಗದಂತೆ ಕಾಪು ಇಟ್ಟು, ಬಾಗಿದ ಉದ್ದ ಸೂಜಿಯನ್ನು ಹುಬ್ಬಿನಿಂದ ಒಳಹೊಗಿಸಿ ರೆಪ್ಪೆಯ ಕಚ್ಚಿನಲ್ಲಿ ಹೊರತೆಗೆಯುತ್ತಾರೆ. ಸೂಜಿಗೆ ಎಳೆಯನ್ನು ಪೋಣಿಸಿ ಹಿಂದಕ್ಕೆಳೆದರೆ, ಅದು ಚರ್ಮದೊಳಗೇ ಮೇಲೇರುತ್ತದೆ. ಹೀಗೆ ಎರಡು ತ್ರಿಕೋನಗಳು. ತುದಿಗಳನ್ನು ಜಗ್ಗಿದರೆ, ನೋಡಿ! ಹುಟ್ಟಿದಾಗಿನಿಂದ ಬಿದ್ದೇ ಇದ್ದ ರೆಪ್ಪೆ ಮಿಲಿಮೀಟರ್ ಮಿಲಿಮೀಟರಾಗಿ ಮೇಲಕ್ಕೆ ಬರುತ್ತದೆ. ಪಾಪೆ ಹೊರಗೆ ಕಾಣುತ್ತದೆ. ಗಂಟು ಹಾಕಿ, ಹುಬ್ಬಿನ ಗಾಯ ಹೊಲಿದರೆ ಮುಗಿಯಿತು. ಕಾಲಿನ ನೋವು ಸ್ವಲ್ಪವಿದ್ದರೂ ಮಕ್ಕಳು ಸಾಮಾನ್ಯವಾಗಿ ಮರುದಿನವೇ ನಡೆದಾಡುತ್ತಾರೆ. ತೊಡೆಯ ಆ ಎಳೆ ರೆಪ್ಪೆಯೊಳಗೆ ಮೈಯ ಭಾಗವಾಗಿಯೇ ಬೆರೆತು ವರ್ಷಗಟ್ಟಲೆ ಹಿಡಿದು ನಿಲ್ಲುತ್ತದೆ!

ಮೂರು ವರ್ಷದೊಳಗಿನ ಮಗುವಿನ ತೊಡೆಯಲ್ಲಿ ಸಾಕಷ್ಟು ಉದ್ದದ ಪಟ್ಟಿ ಸಿಗುವುದು ಕಷ್ಟ. ಆದರೆ ಪಾಪೆ ಮುಚ್ಚಿದ್ದರೆ ಮೆದುಳು ಕಾಯುವುದಿಲ್ಲವಲ್ಲ! ಅದಕ್ಕೆ ಸಿಲಿಕೋನಿನ ತೆಳ್ಳನೆಯ ಎಳೆ ಬಂತು, 1966ರಲ್ಲಿ ಟಿಲೆಟ್ ಎಂಬ ವೈದ್ಯರು ಅದನ್ನು ವಿವರಿಸಿದರು. ಅದು ಹಿಗ್ಗುತ್ತದೆ, ಬೇಕಾದರೆ ಮುಂದೆ ಬಿಗಿ ಮಾಡಬಹುದು, ಸಡಿಲಿಸಬಹುದು, ತೆಗೆದೂ ಹಾಕಬಹುದು. ಕೆಲವು ಮಕ್ಕಳಲ್ಲಿ ರೆಪ್ಪೆ ಮತ್ತೆ ಇಳಿಯಬಹುದು, ಆಗ ಇನ್ನೊಮ್ಮೆ ಆಪರೇಷನ್ ಬೇಕು. ಆದರೆ ಅಷ್ಟರಲ್ಲಿ ಮೆದುಳಿನ ಅಮೂಲ್ಯ ವರ್ಷಗಳು ಉಳಿದಿರುತ್ತವೆ. ದೃಷ್ಟಿಗೆ ಅಪಾಯವಿಲ್ಲದಿದ್ದರೆ ಮೂರರಿಂದ ಐದು ವರ್ಷದ ನಡುವೆ, ಶಾಲೆಗೆ ಸೇರುವ ಮುಂಚೆ ಮಾಡುವುದು ರೂಢಿ. ಅಪಾಯವಿದ್ದರೆ ಮೊದಲ ವರ್ಷದಲ್ಲೇ.

ಈ ಆಪರೇಷನ್ನಿನ ಅತಿ ದೊಡ್ಡ ಸೋಜಿಗ ಮಾತ್ರ ಕಣ್ಣಿಗೆ ಕಾಣದ್ದು. ರೆಪ್ಪೆ ಎತ್ತುವುದು ಮೂರನೇ ಕಪಾಲ ನರದ ಕೆಲಸ, ಮುಚ್ಚುವುದು ಏಳನೆಯದರ ಕೆಲಸ. ಹಣೆಯ ಸ್ನಾಯುವಿಗೂ ಅಪ್ಪಣೆ ಕೊಡುವುದು ಆ ಏಳನೆಯದೇ. ಅಂದರೆ ಸ್ಲಿಂಗ್ ಹಾಕಿದ ದಿನದಿಂದ ಆ ಕಣ್ಣನ್ನು ತೆರೆಯುವುದೂ ಮುಚ್ಚುವುದೂ ಒಂದೇ ನರದ ಪಾಲಿಗೆ ಬರುತ್ತದೆ! ಮೆದುಳಿನ ಒಂದು ಇಲಾಖೆಯ ಕೆಲಸವನ್ನು ಇನ್ನೊಂದಕ್ಕೆ ವರ್ಗಾಯಿಸಿದ್ದಾಯಿತು. ಒಂದು ನರವನ್ನೂ ಮುಟ್ಟದೆ, ಒಂದೆರಡು ಬಿಳಿ ಎಳೆಗಳಿಂದ! ಮಗು ಇದಕ್ಕೆ ಒಗ್ಗಿಕೊಳ್ಳುತ್ತದೆ, ಯಾಕೆಂದರೆ ಹಣೆಯಿಂದ ನೋಡುವ ವಿದ್ಯೆಯನ್ನು ಅದು ತೊಟ್ಟಿಲಲ್ಲೇ ಕಲಿತಿತ್ತು.

ಅರೆತೆರೆದ ನಿದ್ದೆ

ಮನೆಗೆ ಬಂದ ಮೊದಲ ರಾತ್ರಿ ತಂದೆ ತಾಯಿ ಗಾಬರಿಯಾಗುವುದುಂಟು. ಮಗು ಗಾಢ ನಿದ್ದೆಯಲ್ಲಿದೆ, ಕಣ್ಣು ಅರ್ಧ ತೆರೆದಿದೆ! ಇದು ನಿರೀಕ್ಷಿತವೇ. ಎತ್ತಿ ಕಟ್ಟಿದ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಕೆಳಗೆ ನೋಡುವಾಗ ಕರಿಗುಡ್ಡೆಯ ಮೇಲೆ ಬಿಳಿ ಕಾಣುತ್ತದೆ. ವಾರಗಳು, ತಿಂಗಳುಗಳು ಕಳೆದಂತೆ ಇದು ಕಡಿಮೆಯಾಗುತ್ತದೆ, ಒಂದಿಷ್ಟು ಉಳಿದೂ ಬಿಡಬಹುದು.

ಹಾಗಾದರೆ ಕಾರ್ನಿಯಾ ಒಣಗಿ ಹುಣ್ಣಾಗದೇ? ಇಲ್ಲಿ ಪ್ರಕೃತಿ ಮೊದಲೇ ಒಂದು ಏರ್ಪಾಟು ಮಾಡಿದೆ. ನಾವು ಕಣ್ಣು ಮುಚ್ಚಿದಾಗ ಕಣ್ಣುಗುಡ್ಡೆ ತನ್ನಷ್ಟಕ್ಕೆ ಮೇಲಕ್ಕೆ ಹೊರಳಿ, ಕಾರ್ನಿಯಾವನ್ನು ಮೇಲ್ರೆಪ್ಪೆಯ ಮರೆಗೆ ಒಯ್ಯುತ್ತದೆ. 1823ರಲ್ಲಿ ಚಾರ್ಲ್ಸ್ ಬೆಲ್ ಇದನ್ನು ವಿವರಿಸಿದರು. ಆಪರೇಷನ್ನಿಗೆ ಮೊದಲು ವೈದ್ಯರು ಮಗುವಿಗೆ ಕಣ್ಣು ಬಿಗಿಯಾಗಿ ಮುಚ್ಚಲು ಹೇಳಿ, ಬೆರಳಿನಿಂದ ಬಿಡಿಸಿ ನೋಡುವುದು ಇದನ್ನೇ: ಗುಡ್ಡೆ ಮೇಲೆ ಹೊರಳಿತೇ? ಹೊರಳದಿದ್ದರೆ ರೆಪ್ಪೆಯನ್ನು ಕಡಿಮೆ ಎತ್ತುತ್ತಾರೆ. ಹೊರಳಿದರೂ ಹಗಲು ಹನಿ, ಮಲಗುವಾಗ ಮುಲಾಮು ತಪ್ಪಿಸುವಂತಿಲ್ಲ. ಕಣ್ಣು ಕೆಂಪಾದರೆ, ಬೆಳಕಿಗೆ ಮಗು ಮುಖ ತಿರುಗಿಸಿದರೆ ಅವತ್ತೇ ತೋರಿಸಬೇಕು. ಇಷ್ಟು ದೊಡ್ಡ ಆಪರೇಷನ್ನಿನ ಫಲವನ್ನು ಕಾಯುವುದು ಅಮ್ಮನ ಕೈಯಲ್ಲಿರುವ ಆ ಚಿಕ್ಕ ಟ್ಯೂಬು!

ಇನ್ನೊಂದು ಮಾತು. ಆಪರೇಷನ್ ರೆಪ್ಪೆಯನ್ನು ಎತ್ತಿತು, ಬೆಳಕಿಗೆ ದಾರಿ ಮಾಡಿತು. ಮೆದುಳಿಗೆ ಪಾಠ ಹೇಳುವ ಕೆಲಸ ಇನ್ನೂ ಉಳಿದಿದೆ. ಕನ್ನಡಕ ಬರೆದುಕೊಟ್ಟರೆ ಹಾಕಿಸಿ. ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪ್ಯಾಚ್ ಕಟ್ಟಲು ಹೇಳಿದರೆ, ಮಗು ಅತ್ತರೂ ಕಟ್ಟಿ. ಚಿತ್ರ ಬರೆಸಿ, ಮಣಿ ಪೋಣಿಸಲು ಕೊಡಿ, ಕಥೆಪುಸ್ತಕ ತೋರಿಸಿ. ಹಿಂದೆ ಬಿದ್ದ ಕಣ್ಣು ಆ ಗಂಟೆಗಳಲ್ಲೇ ಮುಂದೆ ಬರುತ್ತದೆ.

ತೋರಿಸುವುದಕ್ಕೆ ಕಾಯಬೇಡಿ

ಇದಕ್ಕಾಗಿ ಟೊರಾಂಟೊಗೋ ಲಂಡನ್ನಿಗೋ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ ನೂರು ವರ್ಷಕ್ಕೂ ಹಳೆಯದಾದ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆಯಿದೆ. ರಾಜ್ಯದ ವೈದ್ಯಕೀಯ ಕಾಲೇಜುಗಳಲ್ಲಿ ಕಣ್ಣಿನ ವಿಭಾಗಗಳಿವೆ. ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲೇ ಪಳಗಿದ ಆಕ್ಯುಲೋಪ್ಲಾಸ್ಟಿ ತಜ್ಞರು ಇದ್ದಾರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ, ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಆ ದಿನ ನಿಮ್ಮ ಮಗು ಅಲ್ಲಿರಲಿ, ರೆಪ್ಪೆಯ ವಿಷಯವನ್ನು ನೀವೇ ಬಾಯಿಬಿಟ್ಟು ಹೇಳಿ. ಅಂಗನವಾಡಿ ಕಾರ್ಯಕರ್ತೆಯರೇ, ಆಶಾ ಕಾರ್ಯಕರ್ತೆಯರೇ, ಗಲ್ಲ ಎತ್ತಿ ನೋಡುವ ಮಗುವನ್ನು ಕಂಡರೆ "ಅದರ ಅಭ್ಯಾಸ" ಎಂದು ಬಿಡಬೇಡಿ. ಅದು ಅಭ್ಯಾಸವಲ್ಲ, ಅದು ಕಷ್ಟಪಟ್ಟು ನೋಡುತ್ತಿರುವ ಮಗು.

ಆಪರೇಷನ್ನಿಗೆ ಕಾಯಬಹುದು, ಎಷ್ಟೋ ಮಕ್ಕಳಲ್ಲಿ ವೈದ್ಯರೇ ಕಾಯಲು ಹೇಳುತ್ತಾರೆ. ಪರೀಕ್ಷೆಗೆ ಮಾತ್ರ ಕಾಯಬಾರದು. ಪಾಪೆ ಮುಚ್ಚಿದೆಯೇ, ಸಿಲಿಂಡರ್ ಪವರ್ ಇದೆಯೇ, ಕಣ್ಣು ಹಿಂದೆ ಬೀಳುತ್ತಿದೆಯೇ ಎಂಬುದು ಗೊತ್ತಾಗಿಬಿಟ್ಟರೆ, ಉಳಿದದ್ದಕ್ಕೆಲ್ಲ ಇವತ್ತು ದಾರಿಯಿದೆ. ಒಂದು ನೂರೈವತ್ತು ವರ್ಷಗಳ ದುಡಿಮೆ, ನೊಬೆಲ್ ತಂದ ಜ್ಞಾನ, ತೊಡೆಯ ಒಂದು ಎಳೆ, ಇವೆಲ್ಲ ನಿಮ್ಮ ಮಗುವಿನ ಕಣ್ಣಿಗಾಗಿ ಸಿದ್ಧವಾಗಿ ನಿಂತಿವೆ. ಹುಬ್ಬೆತ್ತಿ ತನ್ನ ಪಾಲಿನ ಕೆಲಸವನ್ನು ಮಗು ಆಗಲೇ ಮಾಡಿದೆ. ಉಳಿದದ್ದು ದೊಡ್ಡವರ ಕೆಲಸ, ಅದನ್ನು ಈ ವಾರವೇ ಶುರುಮಾಡಿ.